ಗೊರಕೆಯ ಮಗ್ಗುಲಲ್ಲಿ

ಚನ್ನಗಿರಿಯ ಸೀಮೆಯಲ್ಲಿ ಮಗಳಿಗೆ ಗಂಡು ನೋಡಲು ಹೊರಟ ಹಿರಿಯರು ಅಡಿಕೆ ತೋಟ ಎಷ್ಟು ಎಕರೆ, ಅದರಲ್ಲಿ ಫಸಲಿಗೆ ಬಂದುದೆಷ್ಟು, ಇನ್ನೂ ಸಸಿಯಾಗಿರುವುದೆಷ್ಟು ಎಂದು ಮೊದಲು ವಿಚಾರಿಸುತ್ತಾರೆ. ಹೊನ್ನಾಳಿ ನ್ಯಾಮತಿಗಳ ಕಡೆ ಗದ್ದೆಗೆ ನಾಲೆಯ ನೀರುಂಟೋ, ಮಳೆಯನ್ನೇ ನೆಚ್ಚಬೇಕೋ ಎಂಬುದನ್ನು ಕೇಳಿ ತಿಳಿಯುತ್ತಾರೆ. ಬರದ ನಾಡೆಂದೇ ಹೆಸರಾದ ಜಗಳೂರಿನಲ್ಲಿ ಕೊಳವೆಬಾವಿ ಎಷ್ಟು ಅಡಿ ಇಳಿದಿದೆ, ನೀರು ಎಷ್ಟು ಇಂಚು ಬರುತ್ತದೆ ಎಂಬ ಪ್ರಶ್ನೆಯೇ ಮುಂದಾಗುತ್ತದೆ. ಮನೆತನ, ಜಾತಕ, ಸಾಲಸೋಲ, ಹುಡುಗನ ಚಟ, ಅತ್ತೆಯಾಗತಕ್ಕವಳ ಸ್ವಭಾವ ಇವೆಲ್ಲವೂ ನಾಲ್ಕು ಜನರ ಬಾಯಲ್ಲಿ ಸೋಸಿ ಬಂದ ತರುವಾಯವೇ ನಿಶ್ಚಿತಾರ್ಥದ ಮಾತು. ಆದರೆ ಹೀಗೆ ಕೂಡಿಬಂದ ಇಬ್ಬರು ತಮ್ಮ ಬಾಳಿನ ಹೆಚ್ಚುಕಡಮೆ ಮೂರನೆಯ ಒಂದು ಪಾಲನ್ನು ಒಬ್ಬರ ಮಗ್ಗುಲಲ್ಲೊಬ್ಬರು ಮಲಗಿ ಕಳೆಯಬೇಕಾಗಿರುವಾಗ, ಅವರ ನಿದ್ರೆ ಎಂಥದು ಎಂದು ಯಾರೂ ಕೇಳುವುದಿಲ್ಲ. ಕೇಳತಕ್ಕ ವಿಷಯವೆಂದು ಯಾರಿಗೂ ತೋರುವುದೂ ಇಲ್ಲ. ಮದುವೆಯಾದ ಮೊದಲ ವರ್ಷಗಳಲ್ಲಿ ಅದೊಂದು ಪ್ರಶ್ನೆಯಾಗಿಯೂ ಇರುವುದಿಲ್ಲವೆನ್ನಿ. ಹತ್ತು ಹದಿನೈದು ವರ್ಷ ಕಳೆದು, ಕೊರಳು ತೋರವಾಗಿ, ಹೊಟ್ಟೆ ಮುಂದೆ ಬಂದ ಮೇಲೆ, ಕೋಣೆಯ ಕದವನ್ನು ದಾಟಿ ಪಡಸಾಲೆಯವರೆಗೆ ಕೇಳಿಸುವ ಗೊರಕೆ ಆ ಮನೆಯ ರಾತ್ರಿಯನ್ನು ಆಳತೊಡಗುತ್ತದೆ.

ಗೊರಕೆಗೆ ನಮ್ಮಲ್ಲಿ ಒಳ್ಳೆಯ ಹೆಸರೇ ಉಂಟು. ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎನ್ನುವ ನಮ್ಮ ಜನ, ತಲೆ ದಿಂಬಿಗೆ ತಾಗಿದೊಡನೆ ಗೊರಕೆ ತೆಗೆಯುವವನನ್ನು ಕಂಡು ಅವನು ಪುಣ್ಯವಂತನೆಂದೂ, ಹಗಲೆಲ್ಲ ಮೈಮುರಿದು ದುಡಿದವನ ನಿದ್ರೆ ಹಾಗೆಯೇ ಇರತಕ್ಕದ್ದೆಂದೂ ಭಾವಿಸುತ್ತಾರೆ. ಈ ಭಾವನೆಯೇ ಅನೇಕ ಮನೆಗಳಲ್ಲಿ ಇಬ್ಬರ ಆರೋಗ್ಯವನ್ನು ಕೆಡಿಸಿದೆ ಎಂದು ನಾನು ನಂಬಿದ್ದೇನೆ. ಜೋರಾಗಿ ಗೊರಕೆ ಹೊಡೆಯುವವರಲ್ಲಿ ಹಲವರಿಗೆ ದೊರೆಯುತ್ತಿರುವುದು ಗಾಢನಿದ್ರೆಯಲ್ಲ. ಅವರ ಮಗ್ಗುಲಲ್ಲಿ ಮಲಗಿದವರಿಗಂತೂ ಅದು ನಿದ್ರೆಯೇ ಅಲ್ಲ.

ಗೊರಕೆ ಹುಟ್ಟುವುದು ಮೂಗಿನಲ್ಲಿ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಮೂಗು ಕಟ್ಟಿದ್ದರೆ ಅದು ಹೆಚ್ಚಾಗುವುದೇನೋ ನಿಜ, ಆದರೆ ಶಬ್ದದ ಮುಖ್ಯ ನೆಲೆ ಗಂಟಲು. ಅಂಗುಳಿನ ಹಿಂಭಾಗದಲ್ಲಿ ಎಲುಬಿಲ್ಲದ ಮೆತ್ತನೆಯ ಭಾಗವೊಂದುಂಟು. ಅದರ ಕೊನೆಯಲ್ಲಿ ಕಿರುನಾಲಿಗೆ ತೂಗಾಡುತ್ತದೆ. ಅದರ ಕೆಳಗೆ ನಾಲಿಗೆಯ ಬುಡ. ಎಚ್ಚರವಾಗಿರುವಾಗ ಸುತ್ತಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ರೆ ಬಂದೊಡನೆ ಅವು ಸಡಿಲಗೊಳ್ಳುತ್ತವೆ. ತೋಟದ ಪಂಪಿಗೆ ಮೆತ್ತನೆಯ ಸಕ್ಷನ್ ಪೈಪು ಹಾಕಿದರೆ ಎಳೆತದ ರಭಸಕ್ಕೆ ಅದರ ಗೋಡೆ ಒಳಕ್ಕೆ ಕುಸಿಯುವುದನ್ನು ರೈತರೆಲ್ಲ ಬಲ್ಲರು, ಅದಕ್ಕಾಗಿಯೇ ಗಟ್ಟಿ ಪೈಪು ಹಾಕುತ್ತಾರೆ. ಗಂಟಲಿನಲ್ಲಿಯೂ ನಡೆಯುವುದು ಅದೇ. ಉಸಿರನ್ನು ಒಳಕ್ಕೆಳೆದಾಗ ಸಡಿಲವಾದ ಗೋಡೆಗಳು ಹತ್ತಿರವಾಗುತ್ತವೆ, ದಾರಿ ಕಿರಿದಾದಷ್ಟೂ ಗಾಳಿಯ ವೇಗ ಹೆಚ್ಚುತ್ತದೆ, ಆ ವೇಗಕ್ಕೆ ಅಂಗುಳು ಮತ್ತು ಕಿರುನಾಲಿಗೆ ಅದುರುತ್ತವೆ. ನಮಗೆ ಕೇಳಿಸುವುದು ಆ ಅದುರು.

ಅಂಗಾತ ಮಲಗಿದಾಗ ನಾಲಿಗೆಯ ಬುಡ ಹಿಂದಕ್ಕೆ ಜಾರುವುದರಿಂದ ಗೊರಕೆ ಜೋರಾಗುತ್ತದೆ. ರಾತ್ರಿ ಕುಡಿದು ಮಲಗಿದರೆ ಸ್ನಾಯುಗಳು ಇನ್ನಷ್ಟು ಸಡಿಲವಾಗುತ್ತವೆ. ನಿದ್ರೆಯ ಗುಳಿಗೆಗಳಲ್ಲಿ ಹಲವು ಮಾಡುವುದೂ ಇದನ್ನೇ. ಕೊರಳಿನ ಸುತ್ತ ಸೇರಿದ ಕೊಬ್ಬು ದಾರಿಯನ್ನು ಹೊರಗಿನಿಂದ ಒತ್ತುತ್ತದೆ. ಆದುದರಿಂದಲೇ ವೈದ್ಯರು ತೂಕದ ಜೊತೆಗೆ ಕೊರಳಿನ ಸುತ್ತಳತೆಯನ್ನೂ ನೋಡುವುದು, ಗಂಡಸರಲ್ಲಿ ಅದು 17 ಅಂಗುಲವನ್ನೂ ಹೆಂಗಸರಲ್ಲಿ 16 ಅಂಗುಲವನ್ನೂ ಮೀರಿದ್ದರೆ ಎಚ್ಚರಗೊಳ್ಳುವುದು. ಬೀಡಿ ಸಿಗರೇಟು ಸೇದುವವರ ಗಂಟಲು ಊದಿಕೊಂಡಿರುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾದರೆ, ಮೂಗಿನ ನಡುಗೋಡೆ ಓರೆಯಾಗಿದ್ದರೆ, ಕೆಳದವಡೆ ಚಿಕ್ಕದಾಗಿದ್ದರೆ, ಮೈಯಲ್ಲಿ ಬೊಜ್ಜಿಲ್ಲದವರಿಗೂ ಗೊರಕೆ ಬರುವುದುಂಟು. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಧೂಳಿಗೆ ಮೂಗು ಕಟ್ಟಿ, ಆ ಕೆಲವು ವಾರ ಮಾತ್ರ ಬಾಯಿತೆರೆದು ಗೊರಕೆ ಹೊಡೆಯುವವರನ್ನೂ ಕಾಣಬಹುದು; ಇವರದು ದೊಡ್ಡ ತೊಂದರೆಯಲ್ಲ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ದೂರವಲ್ಲದ ಒಂದು ಹಳ್ಳಿಯಲ್ಲಿ ನನಗೆ ಪರಿಚಿತವಾದ ಮನೆಯೊಂದಿದೆ. ಮನೆಯ ಯಜಮಾನರಿಗೆ ಐವತ್ತು ದಾಟಿದೆ; ಅಡಿಕೆ ಬೆಳೆಗಾರರು; ತೋಟಕ್ಕೆ ಹೋಗುವುದೂ ಬೈಕಿನಲ್ಲಿಯೇ ಆದುದರಿಂದ ಮೈ ಬೆಳೆದಿದೆ. ಆ ಮನೆಯಾಕೆ ರಾತ್ರಿಯೆಲ್ಲ ಸರಿಯಾಗಿ ನಿದ್ರಿಸದೆ, ಬೆಳಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸಿ, ರೊಟ್ಟಿ ತಟ್ಟುವಾಗ ತಲೆ ತೂಗಿ ಒಮ್ಮೆ ಕೈ ಸುಟ್ಟುಕೊಂಡಿದ್ದರು. "ರೀ, ಒಂದು ಮಗ್ಗುಲಿಗೆ ತಿರುಗಿ ಮಲಗ್ರಿ" ಎಂದು ರಾತ್ರಿ ಎಷ್ಟು ಸಲ ಎಬ್ಬಿಸಿದರೂ ಯಜಮಾನರು ಬೆಳಗ್ಗೆ ಒಪ್ಪುತ್ತಿರಲಿಲ್ಲ, "ನಾನು ಎಲ್ಲಿ ಗೊರಕೆ ಹೊಡ್ದೆ? ಎಚ್ಚರವಾಗೇ ಇದ್ದೆ" ಎಂಬುದು ಅವರ ಉತ್ತರ. ಆಕೆ ಹಾಸಿಗೆಯನ್ನು ದೇವರ ಕೋಣೆಯ ಪಕ್ಕಕ್ಕೆ ಹಾಕಿಕೊಂಡಾಗ ಮುದುಕಿ ಅತ್ತೆ, ಗಂಡಹೆಂಡಿರಲ್ಲಿ ಏನೋ ಆಗಿದೆ ಎಂದು ಮಗಳ ಮನೆಗೆ ಹೇಳಿಕಳುಹಿಸಿದರು. ಮಾತು ಬೆಳೆದುದರಿಂದ ಆಕೆ ಮರಳಿ ಕೋಣೆಗೆ ಬಂದರು. ಬಂದವರು ನನ್ನ ಮುಂದೆ ಆಡಿದ ಒಂದು ಮಾತು ಹೀಗಿತ್ತು: "ಗೊರಕೆ ಕೇಳ್ತಿದ್ರೆ ಪರವಾಗಿಲ್ಲಣ್ಣ, ಹೆಂಗೋ ಬಿದ್ದುಕೊಂಡಿರ್ತೀನಿ. ಅದು ನಿಲ್ಲುತ್ತಲ್ಲ, ಆವಾಗ ಜೀವ ಬಾಯಿಗೆ ಬರುತ್ತೆ."

ಆಕೆ ಶಾಲೆ ಕಲಿತದ್ದು ಸ್ವಲ್ಪವೇ. ಆದರೆ ಗೊರಕೆಯ ವಿಷಯದಲ್ಲಿ ವೈದ್ಯನು ಕೇಳಬೇಕಾದ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಆ ಮಾತಿನಲ್ಲಿ ಉತ್ತರವಿತ್ತು. ಸಡಿಲಗೊಂಡ ದಾರಿ ಕಿರಿದಾದರೆ ಗೊರಕೆ. ಪೂರ್ತಿ ಮುಚ್ಚಿಕೊಂಡರೆ ನಿಶ್ಶಬ್ದ. ಎದೆ ಹೊಟ್ಟೆಗಳು ಉಸಿರಿಗಾಗಿ ಹೆಣಗುತ್ತಿರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಎಚ್ಚೆತ್ತು ಸ್ನಾಯುಗಳನ್ನು ಬಿಗಿಗೊಳಿಸಿದಾಗ ದೊಡ್ಡ ಸದ್ದಿನೊಡನೆ ಉಸಿರು ಮರಳುತ್ತದೆ, ಗೊರಕೆ ಮತ್ತೆ ಮೊದಲಾಗುತ್ತದೆ. ಮಲಗಿದವರಿಗೆ ಈ ಎಚ್ಚರದ ನೆನಪು ಉಳಿಯುವುದಿಲ್ಲ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಸ್ಲೀಪ್ ಆಪ್ನಿಯ ಎಂದು ಹೆಸರು. 10 ಸೆಕೆಂಡು ಅಥವಾ ಅದಕ್ಕೂ ಮೀರಿ ಉಸಿರು ನಿಲ್ಲುವುದನ್ನೂ, ಉಸಿರಾಟ ಬಹಳವಾಗಿ ಕುಗ್ಗುವುದನ್ನೂ ಒಂದೊಂದಾಗಿ ಎಣಿಸಿ, ಗಂಟೆಗೆ 5ರಿಂದ 15ರ ತನಕ ಇದ್ದರೆ ಸೌಮ್ಯವೆಂದೂ, 30ರವರೆಗೆ ಮಧ್ಯಮವೆಂದೂ, ಅದನ್ನು ಮೀರಿದರೆ ತೀವ್ರವೆಂದೂ ವಿಭಾಗಿಸುತ್ತಾರೆ. ತೀವ್ರವಾದ ತರಗತಿಯವನು ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ಎರಡು ನಿಮಿಷಕ್ಕೊಮ್ಮೆ ಯಾರೋ ಅಲುಗಿಸಿ ಎಬ್ಬಿಸಿದಂಥ ರಾತ್ರಿಯನ್ನು ಕಳೆದಿರುತ್ತಾನೆ. ಬೆಳಗ್ಗೆ ತಲೆನೋವು, ಬಾಯಿ ಒಣಗುವುದು, ರಾತ್ರಿ ಹಲವು ಸಲ ಮೂತ್ರಕ್ಕೆ ಏಳುವುದು, ಹಗಲಲ್ಲಿ ಕುಳಿತಲ್ಲೇ ತೂಕಡಿಸುವುದು, ಔಷಧಕ್ಕೆ ಬಗ್ಗದ ರಕ್ತದ ಒತ್ತಡ, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯುವಿನ ಭಯ ಇವೆಲ್ಲ ಇದರ ಬೆನ್ನಿಗೆ ಬರತಕ್ಕವು. ಲಾರಿ, ಟ್ರಾಕ್ಟರ್, ಬಸ್ಸು ನಡೆಸುವವರಲ್ಲಿ ಇದು ದಾರಿಯಲ್ಲಿ ಹೋಗುವವರ ಪ್ರಾಣಕ್ಕೂ ಸಂಬಂಧಪಟ್ಟ ವಿಷಯ.

ಲೋಕವು ಇದನ್ನು ರೋಗವೆಂದು ಗುರುತಿಸಿದ್ದು ಬಹಳ ತಡವಾಗಿ. 1836-37ರಲ್ಲಿ ಚಾರ್ಲ್ಸ್ ಡಿಕನ್ಸ್ ತನ್ನ ಪಿಕ್‌ವಿಕ್ ಕಾದಂಬರಿಯಲ್ಲಿ, ಬಾಗಿಲು ತಟ್ಟುತ್ತಲೇ ನಿಂತಲ್ಲಿ ನಿದ್ರೆ ಹೋಗುವ ಸ್ಥೂಲಕಾಯದ ಹುಡುಗನೊಬ್ಬನನ್ನು ಚಿತ್ರಿಸಿದ್ದನು. ಓದುಗರು ನೂರಕ್ಕೂ ಹೆಚ್ಚು ವರ್ಷ ಅವನನ್ನು ಕಂಡು ನಗುತ್ತಲೇ ಇದ್ದರು. 1956ರಲ್ಲಿ ಅಮೆರಿಕದ ವೈದ್ಯರು ಅಂಥ ಲಕ್ಷಣಗಳುಳ್ಳ ರೋಗಿಯೊಬ್ಬನನ್ನು ಕುರಿತು ಬರೆಯುವಾಗ ಆ ಕಾದಂಬರಿಯ ಹೆಸರನ್ನೇ ರೋಗಕ್ಕೆ ಇಟ್ಟರು. ಆಮೇಲೂ ಬಹುಕಾಲ ತೀವ್ರವಾದ ರೋಗಿಗಳಿಗೆ ಕುತ್ತಿಗೆಯಲ್ಲಿ ರಂಧ್ರ ಕೊರೆದು ಉಸಿರಿಗೆ ದಾರಿ ಮಾಡುವುದೇ ಮುಖ್ಯ ಉಪಾಯವಾಗಿತ್ತು.

ಇದು ಗೊರಕೆ ಹೊಡೆಯುವವರ ಕಥೆ. ಮಗ್ಗುಲಲ್ಲಿರುವವರ ಕಥೆಯನ್ನು ಅಳೆದವರು ಕಡಮೆ. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 10 ದಂಪತಿಗಳನ್ನು ಪರೀಕ್ಷಾಲಯದಲ್ಲಿ ಮಲಗಿಸಿ, ಗಂಡಂದಿರ ಜೊತೆಗೆ ಹೆಂಡತಿಯರ ನಿದ್ರೆಯನ್ನೂ ಅಳೆದರು. ಗೊರಕೆ ನಡೆದಿದ್ದಾಗ ಹೆಂಡತಿಯರು ಗಂಟೆಗೆ ಸುಮಾರು 21 ಸಲ ಅಲ್ಪಕಾಲ ಎಚ್ಚರಗೊಳ್ಳುತ್ತಿದ್ದರು. ನಡುರಾತ್ರಿಯಲ್ಲಿ ಗಂಡಂದಿರಿಗೆ ಗಾಳಿಯೂದುವ ಚಿಕಿತ್ಸೆಯ ಯಂತ್ರವನ್ನು ತೊಡಿಸಿದ ಮೇಲೆ ಅದು 12ಕ್ಕೆ ಇಳಿಯಿತು. ಹಾಸಿಗೆಯಲ್ಲಿ ಕಳೆದ ವೇಳೆಯಲ್ಲಿ ನಿದ್ರೆಯ ಪಾಲು ಶೇಕಡಾ 74ರಿಂದ 87ಕ್ಕೆ ಏರಿತು. ಎಂಟು ಗಂಟೆಯ ರಾತ್ರಿಗೆ ಲೆಕ್ಕ ಹಾಕಿದರೆ ಇದು ಸುಮಾರು ಒಂದು ಗಂಟೆಯ ನಿದ್ರೆ. ದಂಪತಿಗಳ ಸಂಖ್ಯೆ ಚಿಕ್ಕದು. ಆದರೆ ದಿನಕ್ಕೆ ಒಂದು ಗಂಟೆಯಂತೆ ಇಪ್ಪತ್ತು ವರ್ಷ ನಿದ್ರೆಯನ್ನು ಕಳೆದುಕೊಂಡ ಹೆಂಗಸಿನ ಸಿಡುಕನ್ನು ಸ್ವಭಾವವೆಂದು ಕರೆದು, ಅವಳ ಆಯಾಸವನ್ನು ಸೋಮಾರಿತನವೆಂದು ಕರೆದು ಸುಮ್ಮನಾಗುವ ನಮ್ಮ ಮನೆಗಳಿಗೆ ಅಷ್ಟು ಸಾಕ್ಷ್ಯ ಸಾಲದೆ?

ನಗರದ ದಂಪತಿಗಳು ಬೇರೆ ಕೋಣೆಯಲ್ಲಿ ಮಲಗಿದರೆ ಯಾರಿಗೂ ತಿಳಿಯದು. ನಡುಮನೆ, ಅಡಿಗೆಮನೆ, ಒಂದೇ ಕೋಣೆ ಇರುವ ಹಳ್ಳಿಯ ಮನೆಯಲ್ಲಿ ಹಾಸಿಗೆ ಸರಿದರೆ ಊರಿಗೇ ತಿಳಿಯುತ್ತದೆ, ಅದಕ್ಕೆ ಕಾರಣವನ್ನು ಊರೇ ಕಲ್ಪಿಸುತ್ತದೆ. ನಿದ್ರೆಗಾಗಿ ವಾರದಲ್ಲಿ ಕೆಲವು ರಾತ್ರಿ ಬೇರೆ ಮಲಗುವುದು ದಾಂಪತ್ಯದ ಬಿರುಕಲ್ಲವೆಂದು ಹಿರಿಯರಿಗೆ ಬಿಡಿಸಿ ಹೇಳುವುದರಲ್ಲಿ ಸಂಕೋಚ ಕೂಡದು. ಒಳ್ಳೆಯ ನಿದ್ರೆಯಾದ ಇಬ್ಬರು ಹಗಲಲ್ಲಿ ಹೆಚ್ಚು ಪ್ರೀತಿಯಿಂದಿರುವುದು ಸಾಧ್ಯ. ಆದರೆ ಇಲ್ಲಿ ಒಂದು ವಿವೇಕ ಬೇಕು. ಉಸಿರು ನಿಲ್ಲುವ ಗೊರಕೆಯನ್ನು ಕೇಳುವವರು ಮನೆಯಲ್ಲಿ ಒಬ್ಬರೇ. ಅವರು ಎದ್ದು ಬೇರೆ ಕೋಣೆಗೆ ಹೋದ ದಿನ ಆ ರೋಗಕ್ಕಿದ್ದ ಒಂದೇ ಒಂದು ಸಾಕ್ಷಿಯೂ ಹೋದಂತಾಗುತ್ತದೆ. ಆದುದರಿಂದ ಪರೀಕ್ಷೆ ಮೊದಲು, ಹಾಸಿಗೆ ಬದಲಿಸುವುದು ಆಮೇಲೆ ಆಗಬೇಕು.

ರಾತ್ರಿ ಎರಡು ಗಂಟೆಗೆ ಮೊಣಕೈಯಿಂದ ತಿವಿದು ಆಡಿದ ಮಾತು ಬೆಳಗಿನ ಜಗಳವಾಗುತ್ತದೆಯೇ ಹೊರತು ತಿಳಿವಳಿಕೆಯಾಗುವುದಿಲ್ಲ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲುಂಟು; ಗೊರಕೆ, ಅದು ನಿಲ್ಲುವುದು, ಮರಳುವುದು ಇಷ್ಟನ್ನು ಕೆಲವು ನಿಮಿಷ ಅದರಲ್ಲಿ ಹಿಡಿದಿಟ್ಟು, ಹಗಲಲ್ಲಿ ಇಬ್ಬರೇ ಇರುವಾಗ ಕೇಳಿಸುವುದು ಒಳ್ಳೆಯದು. ಅದನ್ನು ನೆಂಟರ ಮುಂದೆ ಹಾಕಿ ನಗುವುದು ಮಾತ್ರ ಕ್ರೌರ್ಯ; ಒಮ್ಮೆ ಅಪಮಾನವಾದವರು ವೈದ್ಯರ ಬಳಿಗೆ ಎಂದೂ ಬರಲಾರರು. ಚನ್ನಗಿರಿಯ ಆ ಯಜಮಾನರು ಹೊರಟದ್ದೂ ಮಗಳು ಹಿಡಿದುಕೊಟ್ಟ ಅಂಥ ಧ್ವನಿಯನ್ನು ಕೇಳಿದ ಮೇಲೆಯೇ. ಉಸಿರು ನಿಂತ ಜಾಗಕ್ಕೆ ಬಂದಾಗ ಅವರ ಮುಖ ಬಿಳಿಚಿಕೊಂಡಿತು.

ಹೋಗಬೇಕಾದದ್ದು ಕಿವಿ-ಮೂಗು-ಗಂಟಲಿನ ವೈದ್ಯರ ಬಳಿಗೆ ಅಥವಾ ಶ್ವಾಸಕೋಶದ ವೈದ್ಯರ ಬಳಿಗೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ಅನಂತರ ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಗೂ ಶಿವಮೊಗ್ಗವೇ ಹತ್ತಿರ. ಆದುದರಿಂದ ಕೆಲವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ದಾರಿ ಹಿಡಿದರೆ ಉಳಿದವರು ದಾವಣಗೆರೆಗೆ ಹೋಗುತ್ತಾರೆ, ಅಲ್ಲಿ 1965ರಷ್ಟು ಹಿಂದೆಯೇ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ. ತೊಡಕಿನ ನಿದ್ರಾವಿಕಾರಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಉಂಟು. ಎಲ್ಲಿಗೇ ಆಗಲಿ, ದಂಪತಿಗಳು ಕೂಡಿಯೇ ಹೋಗಬೇಕು. ಉಸಿರು ನಿಲ್ಲುವುದೇ, ಎಷ್ಟು ಹೊತ್ತು, ಅಂಗಾತ ಮಲಗಿದಾಗ ಮಾತ್ರವೋ ಮಗ್ಗುಲಾದಾಗಲೂ ಉಂಟೋ, ಕುಡಿದ ರಾತ್ರಿ ಹೆಚ್ಚೇ ಎಂಬ ಪ್ರಶ್ನೆಗಳಿಗೆ ಉತ್ತರ ಬಲ್ಲವರು ನಿದ್ರಿಸಿದವರಲ್ಲ, ಎಚ್ಚರವಾಗಿದ್ದವರು. ಅನಂತರ ಒಂದು ರಾತ್ರಿಯ ನಿದ್ರಾಪರೀಕ್ಷೆ; ಆಸ್ಪತ್ರೆಯಲ್ಲಿ ಮಲಗಿಯೂ ಮಾಡಿಸಬಹುದು, ಕೆಲವರಿಗೆ ಚಿಕ್ಕ ಉಪಕರಣವನ್ನು ಕೊಟ್ಟು ಮನೆಯಲ್ಲಿಯೂ ಮಾಡುತ್ತಾರೆ.

ಉಸಿರು ನಿಲ್ಲದ ಸಾದಾ ಗೊರಕೆಯಾದರೆ ಮನೆಯ ಉಪಾಯಗಳೇ ಬಹಳ ಮಟ್ಟಿಗೆ ಸಾಕು. ಮಗ್ಗುಲಾಗಿ ಮಲಗುವ ಅಭ್ಯಾಸ ಎಲ್ಲಕ್ಕಿಂತ ಅಗ್ಗವಾದದ್ದು. ಅಂಗಿಯ ಬೆನ್ನಿಗೆ ಜೇಬು ಹೊಲಿದು ಅದರಲ್ಲಿ ಚೆಂಡೊಂದನ್ನು ಇಟ್ಟರೆ ಅಂಗಾತವಾದೊಡನೆ ಒತ್ತಿ, ಮೈ ತಾನಾಗಿಯೇ ತಿರುಗುತ್ತದೆ. ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಬಹುದು. ದಿಂಬಿನ ಮೇಲೆ ದಿಂಬಿಟ್ಟು ಕುತ್ತಿಗೆಯನ್ನು ಮುಂದಕ್ಕೆ ಬಗ್ಗಿಸಿದರೆ ದಾರಿ ಇನ್ನಷ್ಟು ಕಿರಿದಾಗುತ್ತದೆ. ಕುಡಿತವನ್ನು ಬಿಡುವುದು ಶ್ರೇಯಸ್ಸು. ಬಿಡಲಾರದವರು ಮಲಗುವುದಕ್ಕೆ ನಾಲ್ಕು ಗಂಟೆ ಮೊದಲಾದರೂ ನಿಲ್ಲಿಸಬೇಕು. ಅಲರ್ಜಿಯಿಂದ ಮೂಗು ಕಟ್ಟುವವರು ಅದಕ್ಕೆ ಔಷಧ ಮಾಡಿಕೊಳ್ಳಬೇಕು. ಉಪ್ಪುನೀರಿನಿಂದ ಮೂಗು ತೊಳೆಯುವವರು ಕುದಿಸಿ ಆರಿಸಿದ ನೀರನ್ನಲ್ಲದೆ ಬೇರೆಯದನ್ನು ಉಪಯೋಗಿಸಕೂಡದು. ತೂಕದ ವಿಷಯದಲ್ಲಿ ಒಂದು ಅಂಕಿ ಉತ್ತೇಜಕವಾಗಿದೆ: ಅಮೆರಿಕದಲ್ಲಿ ಜನರನ್ನು ಹಲವು ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈತೂಕ ನೂರಕ್ಕೆ 10ರಷ್ಟು ಇಳಿದರೆ ಉಸಿರಿನ ತಡೆಗಳು ನೂರಕ್ಕೆ ಸುಮಾರು 26ರಷ್ಟು ಇಳಿಯುವುವೆಂದು ಕಂಡುಬಂದಿತು. ಗೊರಕೆಯವರಿಗೆ ನಿದ್ರೆಯ ಗುಳಿಗೆ ಕೊಟ್ಟು ಸುಮ್ಮನಾಗಿಸುವ ಯೋಚನೆಯನ್ನು ಯಾರೂ ಮಾಡಕೂಡದು, ಅದು ಅಪಾಯಕರ. ಮಗ್ಗುಲಲ್ಲಿರುವವರು ಮೊದಲೇ ಹೋಗಿ ಮಲಗಿ ನಿದ್ರೆ ಹಿಡಿಸಿಕೊಳ್ಳುವುದು, ಔಷಧದಂಗಡಿಯಲ್ಲಿ ಸಿಗುವ ಮೆತ್ತನೆಯ ಕಿವಿಬಿರಡೆಗಳನ್ನು ಹಾಕಿಕೊಳ್ಳುವುದು ಸ್ವಲ್ಪ ಉಪಶಮನ ಕೊಡುತ್ತದೆ. ಕಿವಿಗೆ ಹತ್ತಿ ತುರುಕಿದರೆ ಪ್ರಯೋಜನ ಅಲ್ಪ.

ಶ್ರಾವಣದ ಶನಿವಾರಗಳಲ್ಲಿ ಶಂಖ ಜಾಗಟೆಗಳೊಡನೆ ಮನೆಮನೆಗೆ ಬರುವ ದಾಸಯ್ಯನನ್ನು ಕಂಡವರಿಗೆ ಸಂತೋಷ ತರತಕ್ಕ ಸಂಗತಿಯೊಂದಿದೆ. ಜೈಪುರದ ವೈದ್ಯರು ಮಧ್ಯಮ ಪ್ರಮಾಣದ ಸ್ಲೀಪ್ ಆಪ್ನಿಯವುಳ್ಳ 30 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಂಖ ಊದುವುದನ್ನೂ ಇನ್ನೊಂದಕ್ಕೆ ದೀರ್ಘಶ್ವಾಸವನ್ನೂ ಅಭ್ಯಾಸ ಮಾಡಿಸಿದರು. ವಾರಕ್ಕೆ ಐದು ದಿನ, ದಿನಕ್ಕೆ ಕನಿಷ್ಠ 15 ನಿಮಿಷ, ಆರು ತಿಂಗಳು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ ಶಂಖ ಊದಿದವರಲ್ಲಿ ಹಗಲಿನ ತೂಕಡಿಕೆ ಶೇಕಡಾ 34ರಷ್ಟು ಕಡಮೆಯಾಯಿತು, ಉಸಿರಿನ ತಡೆಗಳು ಗಂಟೆಗೆ ನಾಲ್ಕೈದು ಇಳಿದುವು. ಗಂಟಲು ಮತ್ತು ಅಂಗುಳಿನ ಸ್ನಾಯುಗಳು ಬಲಗೊಂಡದ್ದೇ ಕಾರಣವಿರಬೇಕೆಂದು ಅವರ ಅಭಿಪ್ರಾಯ. ಮೂವತ್ತು ಜನರ ಪ್ರಯೋಗವನ್ನು ನಂಬಿ ತೀವ್ರ ರೋಗಿಗಳು ಚಿಕಿತ್ಸೆಯನ್ನು ಬಿಡುವಂತಿಲ್ಲ. ಸೌಮ್ಯ ತರಗತಿಯವರು ವೈದ್ಯರನ್ನು ಕೇಳಿ ಪ್ರಯತ್ನಿಸಿದರೆ ನಷ್ಟವಿಲ್ಲ.

ತೀವ್ರವಾದುದಕ್ಕೆ ಇಂದಿಗೂ ಮುಖ್ಯ ಸಾಧನ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯದ ಕಾಲಿನ್ ಸಲಿವನ್ ಎಂಬ ವೈದ್ಯನು 1981ರಲ್ಲಿ ಲೋಕಕ್ಕೆ ತಿಳಿಸಿದ ಇದರ ತತ್ತ್ವ ಸರಳವಾದದ್ದು: ಮೂಗಿಗೆ ತೊಡಿಸಿದ ಮುಖವಾಡದ ಮೂಲಕ ಮೆಲ್ಲನೆಯ ಒತ್ತಡದಲ್ಲಿ ಗಾಳಿಯನ್ನು ಎಡೆಬಿಡದೆ ಊದಿದರೆ ಗಂಟಲಿನ ಗೋಡೆಗಳು ಒಳಕ್ಕೆ ಕುಸಿಯಲಾರವು. ಹಾಕಿಕೊಂಡ ಮೊದಲ ರಾತ್ರಿಯೇ ಗೊರಕೆ ನಿಲ್ಲುವುದುಂಟು. ಬೆಲೆ ಹತ್ತಾರು ಸಾವಿರ ರೂಪಾಯಿ. ಕರೆಂಟು ಹೋಗುವ ಊರುಗಳಲ್ಲಿ ಯು.ಪಿ.ಎಸ್. ಕೂಡ ಬೇಕು, ಮುಖವಾಡಕ್ಕೆ ಒಗ್ಗಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ, ಆ ವಾರಗಳಲ್ಲಿಯೇ ಹಲವರು ಅದನ್ನು ಅಟ್ಟಕ್ಕೆ ಏರಿಸಿಬಿಡುತ್ತಾರೆ. ನಾನು ಹೇಳಿದ ಮನೆಯಲ್ಲಿ ಹಾಗಾಗದಂತೆ ನೋಡಿಕೊಂಡವರು ಆ ಗೃಹಿಣಿ; ಪಟ್ಟಿ ಸಡಿಲವಾದರೆ ಬಿಗಿಮಾಡುವುದು, ಗಾಳಿ ಕಣ್ಣಿಗೆ ಹೊಡೆದರೆ ಸರಿಪಡಿಸುವುದು, ವಾರಕ್ಕೊಮ್ಮೆ ಕೊಳವೆಯನ್ನು ತೊಳೆದು ನೆರಳಿನಲ್ಲಿ ಒಣಗಿಸುವುದು ಇವನ್ನೆಲ್ಲ ಅವರೇ ಕಲಿತರು. ಯಂತ್ರ ಒಗ್ಗದವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಹಲ್ಲಿನ ಅಚ್ಚುಗಳುಂಟು. ಎರಡು ದಂತವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಅದನ್ನು ವಿಚಾರಿಸುವುದು ಕಷ್ಟವಲ್ಲ. ಶಸ್ತ್ರಚಿಕಿತ್ಸೆ ಎಲ್ಲರಿಗೂ ಹೇಳಿದ್ದಲ್ಲ. ಮೂಗಿನ ಗೋಡೆ ಓರೆಯಾದವರಿಗೆ, ಟಾನ್ಸಿಲ್ ಊದಿದವರಿಗೆ, ಮುಖ್ಯವಾಗಿ ಬಾಯಿತೆರೆದು ಮಲಗುವ ಮಕ್ಕಳಿಗೆ ಅದರಿಂದ ಪ್ರಯೋಜನ ಹೆಚ್ಚು.

ಇಷ್ಟು ಹೊತ್ತು ಗಂಡ ಗೊರಕೆ ಹೊಡೆಯುವವನು, ಹೆಂಡತಿ ಕೇಳುವವಳು ಎಂಬಂತೆ ಬರೆದೆ. ನಮ್ಮ ಮನೆಗಳೂ ಹಾಗೆಯೇ ನೋಡುತ್ತವೆ. ವಾಸ್ತವದಲ್ಲಿ ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಗೊರಕೆಯೂ ಉಸಿರು ನಿಲ್ಲುವುದೂ ಬಹಳ ಹೆಚ್ಚುತ್ತವೆ. ಗರ್ಭಿಣಿಯರಲ್ಲಿ ಹೊಸದಾಗಿ ಮೊದಲಾದ ಗೊರಕೆಯ ಜೊತೆಗೆ ರಕ್ತದ ಒತ್ತಡವೂ ಏರುವುದುಂಟು, ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಹೆಣ್ಣು ಗೊರಕೆ ಹೊಡೆಯಬಾರದೆಂಬ ಲಜ್ಜೆಯಿಂದ, ನೆಂಟರ ಮದುವೆಗೆ ಹೋದಾಗ ಕಲ್ಯಾಣ ಮಂಟಪದ ಜಮಖಾನೆಯ ಮೇಲೆ ಎಲ್ಲರೂ ಒರಗಿದ್ದರೂ ತಾನೊಬ್ಬಳು ಗೋಡೆಗೆ ಆತು ಕುಳಿತು ಬೆಳಗು ಮಾಡಿದ ಹೆಂಗಸರನ್ನು ನಾನು ಬಲ್ಲೆ. ಇಂಥವರು ವೈದ್ಯರ ಬಳಿಗೆ ಹೋದಾಗಲೂ ಗೊರಕೆಯನ್ನು ಹೇಳುವುದಿಲ್ಲ; ಸುಸ್ತು, ತಲೆನೋವು, ನಿದ್ದೆ ಬರುವುದಿಲ್ಲ ಎನ್ನುತ್ತಾರೆ, ರಕ್ತ ಕಡಮೆಯೆಂದು ಮಾತ್ರೆ ಬರೆಸಿಕೊಂಡು ಮರಳುತ್ತಾರೆ. ಗಂಡನು ಗಾಢವಾಗಿ ನಿದ್ರಿಸುವವನಾದರೆ ಆಕೆಯ ಉಸಿರು ನಿಂತದ್ದನ್ನು ಹೇಳುವವರೇ ಇಲ್ಲ. ಆಯಾಸ ತಗ್ಗದ ಹೆಂಡತಿಯುಳ್ಳವರು ಒಂದೆರಡು ರಾತ್ರಿ ಅವಳು ಮಲಗಿದ ಮೇಲೆ ಎಚ್ಚರವಾಗಿದ್ದು, ಆ ಉಸಿರಾಟವನ್ನು ಅರ್ಧ ಗಂಟೆ ಕಿವಿಗೊಟ್ಟು ಕೇಳಿ, ಕೇಳಿದ್ದನ್ನು ಅವಳ ಜೊತೆಯಲ್ಲಿ ಹೋಗಿ ವೈದ್ಯರಿಗೆ ತಿಳಿಸಬೇಕು.